ಕೆಟ್ಟು ನಿಂತ ಕಾರು ಎಳೆಯೋ ಮುಂಚೆ ಓದಿ: ಹಗ್ಗ ಎಲ್ಲಿವರೆಗೆ, ಕ್ರೇನ್ ಯಾವಾಗ, ಕಾನೂನು ಏನು ಹೇಳುತ್ತೆ?

ಹಾಸನ: ಕಾರು ದಾರಿ ಮಧ್ಯೆ ಕೆಟ್ಟು ನಿಂತ್ರೆ ನಮ್ಮ ಕಡೆ ಮೊದಲು ಹುಡುಕೋದು ಹಗ್ಗ. ಆಮೇಲೆ ಆ ದಾರೀಲಿ ಬರೋ ಬೊಲೆರೊನೋ, ಟಾಟಾ ಏಸೋ, ತೋಟದ ಟ್ರ್ಯಾಕ್ಟರೋ. ಹಿಂದೊಂದು ಮುಂದೊಂದು ಗಂಟು ಹಾಕಿ, ನಿಧಾನಕ್ಕೆ ಬಿಡಪ್ಪ ಅಂದ್ರೆ ಆಯ್ತು. ಹೆಚ್ಚಿನ ಸಲ ಏನೂ ಆಗಲ್ಲ, ಗಾಡಿ ಗ್ಯಾರೇಜ್ ಸೇರುತ್ತೆ. ಆದರೆ ಆದಾಗ ಸಣ್ಣದಾಗಿ ಆಗೋದಿಲ್ಲ. ಎರಡು ಗಾಡಿ ನಡುವೆ ಹಗ್ಗ ಇದೆ ಅಂತ ಗೊತ್ತಾಗದೆ ಬೈಕ್‌ನವರು ಮಧ್ಯೆ ನುಗ್ಗಿಬಿಡಬಹುದು. ಇಳಿಜಾರಲ್ಲಿ ಹಿಂದಿನ ಕಾರಿನ ಬ್ರೇಕ್ ಹಿಡಿಯದೇ ಹೋಗಬಹುದು. ಐದು ಸಾವಿರದಲ್ಲಿ ಮುಗೀಬೇಕಿದ್ದ ರಿಪೇರಿ ಗೇರ್‌ಬಾಕ್ಸ್ ಬದಲಿಸೋವರೆಗೂ ಹೋಗಬಹುದು.

ಹಗ್ಗ ಕಟ್ಟಿ ಎಳೆಯೋದು ಕಾನೂನು ಪ್ರಕಾರ ತಪ್ಪಾ? ಅಲ್ಲ. ಆದರೆ ಕಾನೂನು ಬಿಟ್ಟಿರೋ ದಾರಿ ಬಹಳ ಕಿರಿದು. ಅದೆಷ್ಟು ಕಿರಿದು, ಆ ದಾರೀಲಿ ಯಾವ ಕಾರು ಹೋಗಬಹುದು, ಯಾವ ಕಾರು ಹೋಗಲೇಬಾರದು ಅನ್ನೋದನ್ನ ಇಲ್ಲಿ ಬಿಡಿಸಿ ಹೇಳಿದ್ದೀವಿ.

ಕಾನೂನಿನಲ್ಲಿ ಇರೋದೇನು?

ಒಂದು ವಾಹನ ಇನ್ನೊಂದನ್ನ ಎಳೆಯೋ ಬಗ್ಗೆ 1989ರ ಕೇಂದ್ರ ರಸ್ತೆ ನಿಯಮಗಳಲ್ಲೇ ಸ್ಪಷ್ಟವಾಗಿ ಬರೆದಿತ್ತು. 2017ರಲ್ಲಿ ಅದರ ಜಾಗಕ್ಕೆ ಮೋಟಾರು ವಾಹನ ಚಾಲನಾ ನಿಯಮಾವಳಿ ಬಂತು. ಎಳೆಯೋ ವಿಷಯದಲ್ಲಿ ಸಾರ ಅದೇ ಇದೆ.

ಮೊದಲನೇದು, ಎಳೆಯಬಹುದಾದದ್ದು ಕೆಟ್ಟು ನಿಂತ ವಾಹನ, ಪೂರ್ತಿ ಜೋಡಣೆ ಆಗದ ವಾಹನ, ಇಲ್ಲಾ ನೋಂದಣಿ ಆಗಿರೋ ಟ್ರೇಲರ್ ಅಥವಾ ಸೈಡ್‌ಕಾರ್ ಮಾತ್ರ. ಚೆನ್ನಾಗಿ ಓಡೋ ಕಾರನ್ನ ಡೀಸೆಲ್ ಉಳಿಸೋಕೆ ಅಂತ ಹಿಂದೆ ಕಟ್ಕೊಂಡು ಹೋಗೋ ಹಾಗಿಲ್ಲ. ಎರಡನೇದು, ಕೆಟ್ಟ ಗಾಡಿ ಹೋಗಬೇಕಾದದ್ದು ಹತ್ತಿರದ ಗ್ಯಾರೇಜ್ ಅಥವಾ ಪೆಟ್ರೋಲ್ ಬಂಕ್‌ಗೆ. ಇದನ್ನ ನಾವು ಹೆಚ್ಚಾಗಿ ಮರೀತೀವಿ. ಸಕಲೇಶಪುರದಲ್ಲಿ ಕೆಟ್ಟ ಕಾರನ್ನ, ಗುರ್ತಿನ ಮೆಕ್ಯಾನಿಕ್ ಹಾಸನದಲ್ಲಿದ್ದಾರೆ ಅಂತ ಹಗ್ಗದಲ್ಲೇ 40 ಕಿ.ಮೀ. ಎಳ್ಕೊಂಡು ಹೋಗೋದು ಈ ಲೆಕ್ಕಕ್ಕೆ ಬರಲ್ಲ. ಬಾಳ್ಳುಪೇಟೆಯಲ್ಲಿ ನಿಂತ್ರೆ ಬಾಳ್ಳುಪೇಟೆಯಲ್ಲೇ ಮೊದಲು ಕೇಳಬೇಕು. ಅಲ್ಲಿಂದ ಮುಂದಕ್ಕೆ ಹೋಗಲೇಬೇಕು ಅಂದ್ರೆ ಫ್ಲಾಟ್‌ಬೆಡ್ ಗಾಡಿ ಕರೆಸಬೇಕು.

ಮೂರನೇದು ಮುಖ್ಯವಾದದ್ದು. ಎಳೆಸಿಕೊಳ್ಳೋ ಕಾರಿನ ಡ್ರೈವರ್ ಸೀಟಲ್ಲಿ ಆ ವಾಹನ ಓಡಿಸೋ ಲೈಸೆನ್ಸ್ ಇರೋರೇ ಕೂತಿರಬೇಕು. ಇಲ್ಲಾಂದ್ರೆ ಸ್ಟೇರಿಂಗ್‌ಗೆ ತಿರುಗೋ ಚಕ್ರಗಳು, ಅಂದ್ರೆ ಮುಂದಿನ ಎರಡು ಚಕ್ರ, ಎಳೆಯೋ ಗಾಡಿಯ ಕ್ರೇನ್ ಅಥವಾ ಬೇರೆ ಸಾಧನದ ಮೇಲೆ ಭದ್ರವಾಗಿ ಎತ್ತಿ ನಿಂತಿರಬೇಕು. ಮೂರನೇ ದಾರಿ ಇಲ್ಲ. ಗ್ಯಾರೇಜಿನಿಂದ ಬಂದ ಚಿಕ್ಕ ಹುಡುಗನನ್ನ, ಸುಮ್ನೆ ಸ್ಟೇರಿಂಗ್ ನೇರ ಹಿಡ್ಕೊಂಡಿರಪ್ಪ ಅಂತ ಕೂರಿಸೋದು ನಮ್ಮಲ್ಲಿ ಮಾಮೂಲಿ. 18 ತುಂಬದವರು ಓಡಿಸಿ ತಪ್ಪು ಮಾಡಿದ್ರೆ ಪೋಷಕರು ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಅಂತ 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಂ ಹೇಳುತ್ತೆ. ಎಂಜಿನ್ ಆಫ್ ಆಗಿತ್ತು ಸಾರ್ ಅಂತ ವಾದ ಮಾಡ್ಕೊಂಡು ಕೋರ್ಟಿಗೆ ಓಡಾಡೋ ಬದಲು ಲೈಸೆನ್ಸ್ ಇರೋ ದೊಡ್ಡವರನ್ನ ಕೂರಿಸೋದು ಸುಲಭ.

ಇನ್ನು ಅಳತೆಗಳು. ಎರಡು ಗಾಡಿ ನಡುವಿನ ಅಂತರ 5 ಮೀಟರ್ ಮೀರಬಾರದು. ಹಗ್ಗ ಅಥವಾ ಚೈನ್ ರಸ್ತೇಲಿ ಹೋಗೋ ಬೇರೆಯವರಿಗೆ ಸುಲಭವಾಗಿ ಕಾಣಬೇಕು. ಹಿಂದಿನ ಗಾಡಿಯ ಹಿಂಭಾಗದಲ್ಲಿ ‘ಆನ್ ಟೋ’ ಅನ್ನೋ ಫಲಕ ಇರಬೇಕು. 1989ರ ನಿಯಮದಲ್ಲಿ ಬಿಳಿ ಹಿನ್ನೆಲೆ ಮೇಲೆ ಕಪ್ಪು ಅಕ್ಷರ, ಅಕ್ಷರದ ಎತ್ತರ ಕನಿಷ್ಠ 75 ಮಿಲಿಮೀಟರ್ ಅಂತ ಇತ್ತು. ರಟ್ಟಿನ ಡಬ್ಬ ಹರಿದು ಮಾರ್ಕರ್‌ನಲ್ಲಿ ಬರೆದ್ರೂ ಕೆಲಸ ಆಗುತ್ತೆ. ಕೆಳಗೆ ಕನ್ನಡದಲ್ಲಿ ‘ಹಗ್ಗ ಇದೆ’ ಅಂತ ಸೇರಿಸಿದ್ರೆ ನಮ್ಮ ಜನಕ್ಕೆ ಇನ್ನೂ ಬೇಗ ಅರ್ಥ ಆಗುತ್ತೆ. ವೇಗದ ಮಿತಿ ಆ ನಿಯಮದಲ್ಲಿ ಗಂಟೆಗೆ 24 ಕಿ.ಮೀ. ಮುಳ್ಳು 20 ದಾಟದ ಹಾಗೆ ನೋಡ್ಕೊಂಡ್ರೆ ಯಾವ ಲೆಕ್ಕದಲ್ಲೂ ತಪ್ಪಾಗಲ್ಲ.

20 ಅಂದ್ರೆ ಬಹಳ ನಿಧಾನ ಅನ್ಸುತ್ತಾ? ಲೆಕ್ಕ ಹಾಕಿ. ಗಂಟೆಗೆ 20 ಕಿ.ಮೀ. ಅಂದ್ರೆ ಸೆಕೆಂಡಿಗೆ ಐದೂವರೆ ಮೀಟರ್. ಹಗ್ಗದ ಉದ್ದ 5 ಮೀಟರ್ ಒಳಗೆ. ಅಂದ್ರೆ ಮುಂದಿನ ಗಾಡಿ ನಾಯಿ ಅಡ್ಡ ಬಂತು ಅಂತ ಗಕ್ಕನೆ ನಿಂತ್ರೆ ಹಿಂದಿನವರಿಗೆ ಒಂದು ಸೆಕೆಂಡೂ ಸಿಗಲ್ಲ. ಬ್ರೇಕ್ ಮೇಲೆ ಕಾಲಿಡೋಕೇ ಅಷ್ಟು ಹೊತ್ತು ಬೇಕು. ಹಗ್ಗದಲ್ಲಿ 40ರಲ್ಲಿ ಹೋಗೋರನ್ನ ಹೈವೇಯಲ್ಲಿ ನೀವೂ ನೋಡಿರ್ತೀರಿ.

ಮೊದಲ ಪ್ರಶ್ನೆ: ಎಂಜಿನ್ ಯಾವ ಚಕ್ರ ತಿರುಗಿಸುತ್ತೆ?

ಕಾನೂನು ಎಲ್ಲ ಕಾರಿಗೂ ಒಂದೇ. ಆದರೆ ಕಾರುಗಳು ಒಂದೇ ಅಲ್ಲ. ಮಾರುತಿ ಆಲ್ಟೊ, ಸ್ವಿಫ್ಟ್, ವ್ಯಾಗನ್ ಆರ್, ಎರ್ಟಿಗಾ, ಹ್ಯುಂಡೈ ಐ10, ಐ20 ಇವೆಲ್ಲ ಮುಂದಿನ ಚಕ್ರ ಎಳೆಯೋ ಗಾಡಿಗಳು. ಬೊಲೆರೊ, ಓಮ್ನಿ, ಈಕೋ ಹಿಂದಿನ ಚಕ್ರ ತಳ್ಳೋ ಗಾಡಿಗಳು. ಇನ್ನೋವಾದಲ್ಲಿ ಹಳೇದು ಮತ್ತು ಕ್ರಿಸ್ಟಾ ಹಿಂದಿನ ಚಕ್ರದ್ದು, ಹೈಕ್ರಾಸ್ ಮುಂದಿನ ಚಕ್ರದ್ದು. ಹೆಸರು ಒಂದೇ ಅಂತ ಮೋಸ ಹೋಗಬೇಡಿ.

ಮ್ಯಾನ್ಯುಯಲ್ ಗೇರ್ ಕಾರಾದ್ರೆ ಚಿಂತೆ ಕಡಿಮೆ. ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ನಾಲ್ಕೂ ಚಕ್ರ ನೆಲದ ಮೇಲಿದ್ದೇ ನಿಧಾನಕ್ಕೆ ಹತ್ತಿರದ ಗ್ಯಾರೇಜ್‌ವರೆಗೆ ಎಳೀಬಹುದು. ಆದರೆ ಆಟೊಮ್ಯಾಟಿಕ್ ಗಾಡೀಲಿ ಕಥೆ ಬೇರೆ. ಗೇರ್‌ಬಾಕ್ಸ್ ಒಳಗೆ ಆಯಿಲ್ ಸುತ್ತೋ ಹಾಗೆ ಮಾಡೋ ಪಂಪ್ ತಿರುಗೋದು ಎಂಜಿನ್‌ನಿಂದ. ಎಂಜಿನ್ ಆಫ್ ಇದ್ದು ಚಕ್ರ ಮಾತ್ರ ತಿರುಗಿದ್ರೆ ಒಳಗಿನ ಭಾಗಗಳು ಆಯಿಲ್ ಇಲ್ಲದೆ ಉಜ್ಜುತ್ತವೆ. ಹೊರಗಿನಿಂದ ಏನೂ ಗೊತ್ತಾಗಲ್ಲ, ಸದ್ದೂ ಬರಲ್ಲ. ಗ್ಯಾರೇಜಿಗೆ ಹೋಗಿ ಬ್ಯಾಟರಿ ಬದಲಿಸಿ ಸ್ಟಾರ್ಟ್ ಮಾಡಿದ ಮೇಲೆ ಗೊತ್ತಾಗುತ್ತೆ. ಹಾಗಾಗಿ ಆಟೊಮ್ಯಾಟಿಕ್ ಕಾರಿನಲ್ಲಿ ಎಂಜಿನ್ ತಿರುಗಿಸೋ ಚಕ್ರಗಳು ನೆಲ ಬಿಟ್ಟು ಮೇಲಿರಬೇಕು, ಅಥವಾ ಇಡೀ ಕಾರೇ ಫ್ಲಾಟ್‌ಬೆಡ್ ಮೇಲೆ ಹೋಗಬೇಕು.

ಈಗ ಬಹಳ ಓಡಾಡ್ತಿರೋ ಎಎಂಟಿ ಗಾಡಿಗಳಲ್ಲಿ ಗೇರ್‌ಬಾಕ್ಸ್ ಮ್ಯಾನ್ಯುಯಲ್‌ದೇ. ಆದರೆ ಬ್ಯಾಟರಿ ಪೂರ್ತಿ ಸತ್ತಾಗ ಗೇರ್ ಎಂಗೇಜ್ ಆಗಿಯೇ ಸಿಕ್ಕಿಕೊಂಡಿದ್ರೆ ನ್ಯೂಟ್ರಲ್‌ಗೆ ಬರೋದು ಕಷ್ಟ. ಆಗ ಬಲವಂತವಾಗಿ ಎಳೆಯಬೇಡಿ. ಎಲೆಕ್ಟ್ರಿಕ್ ಕಾರು ಆದ್ರಂತೂ ಎರಡು ಮಾತಿಲ್ಲ, ಫ್ಲಾಟ್‌ಬೆಡ್ಡೇ. ಚಕ್ರ ತಿರುಗಿದ್ರೆ ಮೋಟಾರೂ ತಿರುಗಿ ಕರೆಂಟ್ ಹುಟ್ಟುತ್ತೆ, ಅದು ಎಲೆಕ್ಟ್ರಾನಿಕ್ಸ್ ಹಾಳು ಮಾಡಬಹುದು. ಫೋರ್ ವೀಲ್ ಡ್ರೈವ್ ಗಾಡಿಗಳನ್ನೂ ಅರ್ಧ ಎತ್ತಿ ಎಳೆಯೋದು ಬೇಡ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಎಳೆಯೋ ಬಗ್ಗೆ ಒಂದು ಪುಟ ಇದ್ದೇ ಇರುತ್ತೆ. ಗ್ಲೋವ್ ಬಾಕ್ಸಲ್ಲಿ ಆ ಪುಸ್ತಕ ಇನ್ನೂ ಇದ್ರೆ ಒಮ್ಮೆ ತೆಗೆದು ನೋಡಿ, ಸಾಧ್ಯವಾದ್ರೆ ಆ ಪುಟದ ಫೋಟೊ ಮೊಬೈಲ್‌ನಲ್ಲಿ ಇಟ್ಕೊಳ್ಳಿ.

ಹಗ್ಗ ಕಟ್ಟೋದು ಎಲ್ಲಿ?

ಬಂಪರ್‌ಗೆ ಕಟ್ಟಬೇಡಿ. ಈಗಿನ ಬಂಪರ್ ಬರೀ ಪ್ಲಾಸ್ಟಿಕ್, ಹಗ್ಗ ಬಿಗಿಯಾದ ತಕ್ಷಣ ಕಿತ್ತು ಕೈಗೆ ಬರುತ್ತೆ. ಕೆಳಗೆ ಬಗ್ಗಿ ಸಿಕ್ಕ ರಾಡ್‌ಗೆ ಕಟ್ಟೋದು ಅದಕ್ಕಿಂತ ಕೆಟ್ಟದ್ದು. ಅದು ಸ್ಟೇರಿಂಗ್‌ನ ಟೈ ರಾಡೋ, ಸಸ್ಪೆನ್ಷನ್ ಆರ್ಮೋ ಆಗಿದ್ರೆ ಬಗ್ಗಿಹೋಗುತ್ತೆ. ಆಮೇಲೆ ಅಲೈನ್‌ಮೆಂಟ್ ಮಾಡಿಸಿದ್ರೂ ಗಾಡಿ ಒಂದು ಕಡೆ ಎಳೀತಾನೇ ಇರುತ್ತೆ.

ಕಾರಿನವರೇ ಇದಕ್ಕೆ ಜಾಗ ಕೊಟ್ಟಿರ್ತಾರೆ. ಹಳೇ ಗಾಡಿಗಳಲ್ಲಿ ಮುಂದೆ ಕೆಳಗೆ ಕಬ್ಬಿಣದ ಬಳೆ ಕಾಣುತ್ತೆ. ಹೊಸ ಗಾಡಿಗಳಲ್ಲಿ ಬಂಪರ್ ಮೇಲೆ ಒಂದು ಸಣ್ಣ ಮುಚ್ಚಳ ಇರುತ್ತೆ. ಅದನ್ನ ತೆಗೆದ್ರೆ ಒಳಗೆ ಥ್ರೆಡ್ ಇರೋ ತೂತು. ಡಿಕ್ಕಿಯಲ್ಲಿ ಜಾಕ್, ವೀಲ್ ಸ್ಪ್ಯಾನರ್ ಜೊತೆಗಿರೋ ದಪ್ಪ ಕೊಕ್ಕೆಯನ್ನ ಅದಕ್ಕೆ ತಿರುಗಿಸಿ ಪೂರ್ತಿ ಬಿಗಿ ಮಾಡಬೇಕು. ಕೆಲವು ಕಂಪನಿ ಕಾರುಗಳಲ್ಲಿ ಥ್ರೆಡ್ ಉಲ್ಟಾ ಇರುತ್ತೆ, ಬಲಕ್ಕೆ ತಿರುಗಿಸಿದ್ರೆ ಕೂರಲ್ಲ, ಎಡಕ್ಕೆ ತಿರುಗಿಸಿ ನೋಡಿ. ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ ಸಾಕು ಅಂತ ಬಿಡಬೇಡಿ. ಸ್ಪ್ಯಾನರ್ ತೂರಿಸಿ ಕೊನೇವರೆಗೂ ಬಿಗಿ ಮಾಡಿ.

ಹಗ್ಗದ ವಿಷಯಕ್ಕೆ ಬಂದ್ರೆ, ತೆಂಗಿನ ನಾರಿನ ಹಗ್ಗ, ಹಸು ಕಟ್ಟೋ ಹಗ್ಗ, ಎರಡು ಸುತ್ತು ಮಾಡಿದ ಪ್ಲಾಸ್ಟಿಕ್ ಹಗ್ಗ ಯಾವುದೂ ಬೇಡ. ಆಟೊಮೊಬೈಲ್ ಅಂಗಡಿಗಳಲ್ಲಿ ಎರಡೂ ಕಡೆ ಕೊಕ್ಕೆ ಇರೋ ಅಗಲದ ನೈಲಾನ್ ಬೆಲ್ಟ್ ಸಿಗುತ್ತೆ. ಅದರ ಮೇಲೆ ಎಷ್ಟು ಟನ್ ತಡೆಯುತ್ತೆ ಅಂತ ಬರೆದಿರುತ್ತೆ. ನಿಮ್ಮ ಕಾರಿನ ತೂಕದ ಎರಡರಷ್ಟಾದ್ರೂ ಇರೋದು ತಗೊಳ್ಳಿ. ಸಣ್ಣ ಕಾರು ಸುಮಾರು 800-900 ಕೆ.ಜಿ., ಬೊಲೆರೊ, ಇನ್ನೋವಾ ಥರದ್ದು ಒಂದೂವರೆ ಟನ್ ಮೇಲೆ. ಕಬ್ಬಿಣದ ಚೈನ್ ಗಟ್ಟಿ ನಿಜ, ಆದರೆ ಸ್ವಲ್ಪವೂ ಹಿಗ್ಗಲ್ಲ. ಪ್ರತಿ ಜಗ್ಗಿಗೂ ಏಟು ನೇರವಾಗಿ ಕೊಕ್ಕೆಗೆ ಬೀಳುತ್ತೆ.

ಕಟ್ಟಿದ ಮೇಲೆ ಹಗ್ಗದ ಮಧ್ಯಕ್ಕೆ ಕೆಂಪು ಬಟ್ಟೆ ಕಟ್ಟಿ. ಇದನ್ನ ಯಾರೂ ಬಿಡಬಾರದು. ಪೇಟೆ ಒಳಗೆ, ಸಂತೆ ದಿನ, ಸ್ಕೂಲ್ ಬಿಡೋ ಹೊತ್ತಲ್ಲಿ ನಿಧಾನಕ್ಕೆ ಹೋಗ್ತಿರೋ ಎರಡು ಗಾಡಿ ನಡುವೆ ಜಾಗ ಕಂಡ್ರೆ ಬೈಕ್‌ನವರು ಅಡ್ಡ ದಾಟೋಕೆ ನೋಡೇ ನೋಡ್ತಾರೆ. ನಡ್ಕೊಂಡು ಹೋಗೋರೂ ಅಷ್ಟೇ. ಹಗ್ಗ ಇರೋದು ಮೊಣಕಾಲಿನ ಎತ್ತರದಲ್ಲಿ, ಟಾರ್ ಬಣ್ಣದಲ್ಲಿ ಬೆರೆತು ಹೋಗಿರುತ್ತೆ. ಬಟ್ಟೆ ಅಷ್ಟೇ ಅಲ್ಲ, ಸರ್ಕಲ್ ದಾಟೋವಾಗ ಒಬ್ಬರು ಇಳಿದು ಪಕ್ಕದಲ್ಲಿ ನಡೆದು ಕೈ ತೋರಿಸಿದ್ರೆ ಇನ್ನೂ ಒಳ್ಳೇದು. ರಾತ್ರಿ ಹೊತ್ತು ಹಗ್ಗದಲ್ಲಿ ಎಳೆಯೋದೇ ಬೇಡ ಅಂತ ನಮ್ಮ ಅಭಿಪ್ರಾಯ. ಬ್ಯಾಟರಿ ಸತ್ತಿರೋ ಕಾರಿಗೆ ಹಿಂದಿನ ದೀಪವೂ ಇರಲ್ಲ, ಹಗ್ಗವೂ ಕಾಣಲ್ಲ. ಬೆಳಗಾಗೋವರೆಗೆ ರಸ್ತೆಯಿಂದ ಪೂರ್ತಿ ಕೆಳಗೆ ಇಳಿಸಿ ನಿಲ್ಲಿಸೋದು ಮೇಲು.

ಹಿಂದಿನ ಕಾರಲ್ಲಿ ಕೂತವರ ಕೆಲಸ

ಎಳೆಯೋ ಡ್ರೈವರ್‌ಗಿಂತ ಎಳೆಸಿಕೊಳ್ಳೋ ಡ್ರೈವರ್ ಕೆಲಸ ಕಷ್ಟದ್ದು. ಮೊದಲು ಕೀ ಆನ್ ಸ್ಥಾನದಲ್ಲಿರಬೇಕು. ಕೀ ತೆಗೆದ್ರೆ ಮೊದಲ ತಿರುವಿನಲ್ಲೇ ಸ್ಟೇರಿಂಗ್ ಲಾಕ್ ಆಗುತ್ತೆ, ಮತ್ತೆ ಗಾಡಿ ಹೋಗೋದು ಹಗ್ಗ ಎಳೆದ ಕಡೆಗೋ, ಮೋರಿಗೋ ಗೊತ್ತಿಲ್ಲ. ಎಂಜಿನ್ ಓಡದೇ ಇದ್ದಾಗ ಪವರ್ ಸ್ಟೇರಿಂಗ್ ಕೆಲಸ ಮಾಡಲ್ಲ, ತಿರುಗಿಸೋಕೆ ತೋಳಿನ ಬಲವೇ ಬೇಕು. ಬ್ರೇಕ್‌ದೂ ಇದೇ ಕಥೆ. ಎಂಜಿನ್ ಕೊಡೋ ವ್ಯಾಕ್ಯೂಮ್‌ನಿಂದಲೇ ಬ್ರೇಕ್ ಪೆಡಲ್ ಹಗುರ ಆಗಿರೋದು. ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಒತ್ತಿದ್ರೆ ಅದು ಖಾಲಿ. ಆಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಬ್ರೇಕ್ ಫೇಲ್ ಆಗಿರಲ್ಲ, ಆದರೆ ಮಾಮೂಲಿಗಿಂತ ಬಹಳ ಬಲ ಹಾಕಿ ತುಳೀಬೇಕು. ಹೊರಡೋ ಮುಂಚೆ ನಿಂತಲ್ಲೇ ಒಮ್ಮೆ ಒತ್ತಿ ನೋಡಿ ಅಂದಾಜು ಮಾಡ್ಕೊಳ್ಳಿ.

ಹೋಗ್ತಾ ಇರೋವಾಗ ಹಗ್ಗ ಯಾವಾಗ್ಲೂ ಬಿಗಿಯಾಗಿರಬೇಕು. ಸಡಿಲ ಆಗಿ ನೆಲ ಮುಟ್ಟಿದ್ರೆ ಮತ್ತೆ ಬಿಗಿಯಾಗೋವಾಗ ಜೋರಾಗಿ ಜಗ್ಗುತ್ತೆ, ಆವಾಗಲೇ ಹಗ್ಗ ತುಂಡಾಗೋದು, ಕೊಕ್ಕೆ ಹಾರೋದು. ಸಡಿಲ ಆಗ್ತಿದೆ ಅನ್ನಿಸಿದ್ರೆ ಹಿಂದಿನವರು ಮೆಲ್ಲಗೆ ಬ್ರೇಕ್ ಮುಟ್ಟಿ ಬಿಗಿ ಉಳಿಸಬೇಕು. ಕಣ್ಣು ಮುಂದಿನ ಗಾಡಿಯ ಬಂಪರ್ ಮೇಲಲ್ಲ, ಅದರಾಚೆ ರಸ್ತೆ ಮೇಲೆ ಇರಬೇಕು. ಹಂಪ್ ಬಂತಾ, ಬಸ್ ನಿಂತಿದೆಯಾ ಅಂತ ಮುಂದಿನವರಿಗಿಂತ ಮೊದಲೇ ನೀವು ನೋಡಿದ್ರೆ ಒಂದು ಸೆಕೆಂಡ್ ಲಾಭ. ಮುಂದಿನವರು ಕ್ಲಚ್ ಬಿಡೋದು, ಗೇರ್ ಬದಲಿಸೋದು ಎಲ್ಲ ನಿಧಾನಕ್ಕೆ. ಹಾರ್ನ್ ಭಾಷೆ ಮೊದಲೇ ಮಾತಾಡ್ಕೊಳ್ಳಿ: ಒಂದು ಸಲ ಅಂದ್ರೆ ನಿಧಾನ, ಎರಡು ಸಲ ಅಂದ್ರೆ ನಿಲ್ಲಿಸು. ಹಾರ್ನ್ ಕೆಲಸ ಮಾಡದಿದ್ರೆ ಫೋನ್ ಸ್ಪೀಕರ್‌ನಲ್ಲಿಟ್ಟು ಪಕ್ಕ ಕೂತವರು ಮಾತಾಡಲಿ. ಆ ಒಬ್ಬರನ್ನ ಬಿಟ್ರೆ ಹಿಂದಿನ ಕಾರಲ್ಲಿ ಹೆಂಗಸರು ಮಕ್ಕಳು ಯಾರೂ ಬೇಡ. ಬಸ್ಸೋ ಆಟೋನೋ ಹತ್ತಿಸಿ ಕಳಿಸಿ.

ಹಗ್ಗ ಬಿಗಿಯಾಗೋ ಹೊತ್ತಲ್ಲಿ ಪಕ್ಕದಲ್ಲಿ ನಿಂತು ನೋಡೋರನ್ನ ದೂರ ಸರಿಸಿ. ತುಂಡಾದ ನೈಲಾನ್ ಹಗ್ಗ ಚಾಟಿ ಥರ ವಾಪಸ್ ಬರುತ್ತೆ, ಜೊತೆಗೆ ಕಬ್ಬಿಣದ ಕೊಕ್ಕೆಯೂ. ಕೆಸರಲ್ಲಿ ಹೂತಿರೋ ಗಾಡಿ ಎಳೆಯೋವಾಗ ಇದು ಇನ್ನೂ ಹೆಚ್ಚು.

ಘಾಟಿಯಲ್ಲಿ ಹಗ್ಗ ಬೇಡ

ಮಾರನಹಳ್ಳಿಯಿಂದ ಗುಂಡ್ಯದ ಕಡೆ ಶಿರಾಡಿ ಇಳಿಯೋವಾಗ ಕಾರು ಕೆಟ್ಟರೆ ಹಗ್ಗದ ಯೋಚನೆಯನ್ನೇ ಬಿಡಿ. ಬಿಸಿಲೆ ಘಾಟಿಯಲ್ಲೂ ಅಷ್ಟೇ. ಹಗ್ಗ ಎಳೆಯುತ್ತೆ, ತಡೆಯಲ್ಲ. ಇಳಿಜಾರಲ್ಲಿ ಹಿಂದಿನ ಕಾರನ್ನ ಹಿಡಿದಿಡೋಕೆ ಇರೋದು ಆ ಗಟ್ಟಿ ಪೆಡಲ್ ಬ್ರೇಕ್ ಒಂದೇ. ಐದು ನಿಮಿಷ ಸತತವಾಗಿ ಅದನ್ನ ತುಳಿದಿರೋದು ಆಗೋ ಮಾತಲ್ಲ. ತಿರುವಿನಲ್ಲಂತೂ ಹಗ್ಗ ಕಾರನ್ನ ರಸ್ತೆ ಜೊತೆ ತಿರುಗಿಸಲ್ಲ, ಒಳಗಡೆಗೆ ಅಡ್ಡ ಎಳೆಯುತ್ತೆ. ಎದುರಿನಿಂದ ಟ್ಯಾಂಕರ್, ಬಸ್ ಬರೋ ಜಾಗದಲ್ಲಿ ಇದು ಹುಡುಗಾಟ ಅಲ್ಲ. ಏರಲ್ಲಿ ಎಳೆಯೋದೂ ಅಷ್ಟು ಸುಲಭ ಅಲ್ಲ, ಹಗುರ ಗಾಡಿ ಭಾರದ ಗಾಡಿಯನ್ನ ಎಳೆಯೋಕೆ ಹೋದ್ರೆ ಕ್ಲಚ್ ಪ್ಲೇಟ್ ಸುಟ್ಟು ಎರಡೂ ಗಾಡಿ ಅಲ್ಲೇ ನಿಲ್ತವೆ. ಎಳೆಯೋ ಗಾಡಿ ಯಾವಾಗ್ಲೂ ಎಳೆಸಿಕೊಳ್ಳೋ ಗಾಡಿಗಿಂತ ಭಾರ ಇರಲಿ. ಖಾಲಿ ಟಾಟಾ ಏಸ್‌ಗೆ ಇನ್ನೋವಾ ಕಟ್ಟೋದು ಬೇಡ.

ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತಿದ್ರೆ 1033ಕ್ಕೆ ಫೋನ್ ಮಾಡಿ. ಅದು ಹೆದ್ದಾರಿ ಪ್ರಾಧಿಕಾರದ 24 ಗಂಟೆಯ ಸಹಾಯವಾಣಿ. ಅಪಘಾತ ಆಗಿದ್ರೆ 112. ಕಾರು ಬರೋವರೆಗೆ ನೀವು ಕಾರಿನೊಳಗೆ ಕೂರಬೇಡಿ, ತಡೆಗೋಡೆಯ ಆಚೆ ನಿಂತ್ಕೊಳ್ಳಿ. ನಾಲ್ಕೂ ಇಂಡಿಕೇಟರ್ ಹಾಕಿ, ಕೆಂಪು ತ್ರಿಕೋನ ಕನಿಷ್ಠ 50 ಮೀಟರ್ ಹಿಂದೆ ಇಡಿ. ತಿರುವಿದ್ರೆ ತಿರುವಿಗೆ ಮುಂಚೆ ಇಡಿ, ತಿರುವು ಕಳೆದ ಮೇಲೆ ಕಂಡ್ರೆ ಏನು ಪ್ರಯೋಜನ? ತ್ರಿಕೋನ ಇಲ್ಲದೆ ಸೊಪ್ಪು, ಕೊಂಬೆ ಇಡೋದು ನಮ್ಮ ಮಲೆನಾಡಿನ ಹಳೇ ಪದ್ಧತಿ, ಇಡಲಿ. ಆದರೆ ಕಲ್ಲು ಇಡಬೇಡಿ. ಇಟ್ಟಿದ್ರೆ ಹೋಗೋವಾಗ ಎತ್ತಿ ಚರಂಡಿ ಆಚೆ ಹಾಕಿ. ಗಾಡಿ ಹೋಗಿರುತ್ತೆ, ಕಲ್ಲು ಅಲ್ಲೇ ಇರುತ್ತೆ, ಮಳೆ ರಾತ್ರೀಲಿ ಬರೋ ಬೈಕ್‌ನವರಿಗೆ ಅದು ಕಾಣಲ್ಲ.

ಕ್ರೇನ್, ಫ್ಲಾಟ್‌ಬೆಡ್ ಮತ್ತು ಆ ಅಮೆರಿಕದ ಡಾಲಿ

ಎಳೆಯೋ ಗಾಡಿಗಳಲ್ಲಿ ನಮ್ಮಲ್ಲಿ ಸಿಗೋದು ಎರಡು ಥರ. ಒಂದು, ಎರಡು ಚಕ್ರ ಮಾತ್ರ ಎತ್ತೋದು. ಇನ್ನೊಂದು, ಇಡೀ ಕಾರನ್ನ ಮೇಲೆ ಹತ್ತಿಸ್ಕೊಳ್ಳೋ ಫ್ಲಾಟ್‌ಬೆಡ್. ಎರಡು ಚಕ್ರ ಎತ್ತೋ ಗಾಡಿ ಬಂದ್ರೆ, ಎಂಜಿನ್ ತಿರುಗಿಸೋ ಚಕ್ರಗಳನ್ನೇ ಎತ್ತಿಸಿ. ಸ್ವಿಫ್ಟ್ ಆದ್ರೆ ಮುಂದಿನದು. ಹಿಂದಿನವು ಉರುಳ್ತವೆ, ಹ್ಯಾಂಡ್‌ಬ್ರೇಕ್ ಇಳಿಸಿರಬೇಕು ಅಷ್ಟೇ. ಹ್ಯಾಂಡ್‌ಬ್ರೇಕ್ ಮರೆತು ಎಳೆದು ಹಿಂದಿನ ಟೈರ್ ಒಂದೇ ಕಡೆ ಸವೆದು ಹೊಗೆ ಬಂದ ಮೇಲೆ ಗೊತ್ತಾಗೋದು ಉಂಟು. ಈಕೋ, ಬೊಲೆರೊ ಥರದ್ದನ್ನ ಮುಂದೆ ಎತ್ತಿ ದೂರ ಎಳೆಯೋದಾದ್ರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಸಬೇಕು. ಎತ್ತಿದ ಕಾರಿನೊಳಗೆ, ಫ್ಲಾಟ್‌ಬೆಡ್ ಮೇಲಿನ ಕಾರಿನೊಳಗೆ ಯಾರೂ ಕೂರೋ ಹಾಗಿಲ್ಲ.

ಯೂಟ್ಯೂಬ್‌ನಲ್ಲಿ ಟೋ ಡಾಲಿ ಅಂತ ಒಂದು ಸಾಧನ ನೋಡಿ, ಇದನ್ನ ನಮ್ಮ ವೆಲ್ಡಿಂಗ್ ಶಾಪಲ್ಲೇ ಮಾಡಿಸಬಹುದಲ್ವಾ ಅಂತ ಅನ್ನಿಸೋದು ಸಹಜ. ಎರಡು ಚಕ್ರದ ಸಣ್ಣ ಗಾಡಿ ಅದು. ಕೆಟ್ಟ ಕಾರಿನ ಮುಂದಿನ ಎರಡು ಚಕ್ರ ಅದರ ಮೇಲೆ ಹತ್ತಿಸಿ, ಟೈರ್ ಮೇಲೆ ಬೆಲ್ಟ್ ಸುತ್ತಿ ಬಿಗಿದು, ಪಿಕಪ್ ಗಾಡಿಯ ಹಿಂದೆ ಸಿಕ್ಕಿಸ್ತಾರೆ. ಅಮೆರಿಕದಲ್ಲಿ ಮನೆ ಬದಲಿಸೋರು ಯು-ಹಾಲ್ ಥರದ ಕಂಪನಿಗಳಿಂದ ಬಾಡಿಗೆಗೆ ತಗೊಳ್ತಾರೆ. ಅಲ್ಲಿ ಅದಕ್ಕೆ ಹಿಂದೆ ದೀಪ, ಅಡ್ಡಡ್ಡ ಹಾಕಿದ ಎರಡು ಸೇಫ್ಟಿ ಚೈನ್, ಕೆಲವು ಡಾಲಿಗಳಿಗೆ ಸ್ವಂತ ಬ್ರೇಕ್ ಕೂಡ ಇರುತ್ತೆ. ನಿಯಮ ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ಅದನ್ನ ಕಟ್ಕೊಂಡು ರಿವರ್ಸ್ ಹೋಗೋಕೂ ಆಗಲ್ಲ, ಎರಡು ಕಡೆ ತಿರುಗೋ ಕೀಲು ಇರೋದ್ರಿಂದ ಕತ್ತರಿ ಥರ ಮಡಚಿಕೊಂಡುಬಿಡುತ್ತೆ.

ಇಲ್ಲಿ ಅಂಥದ್ದನ್ನ ಮಾಡಿಸಿ ರಸ್ತೆಗೆ ಇಳಿಸಿದ್ರೆ ಏನಾಗುತ್ತೆ? ಮೋಟಾರು ವಾಹನ ಕಾಯ್ದೆ ಪ್ರಕಾರ ಮೋಟಾರು ವಾಹನ ಎಳೆಯೋ, ಎಳೆಯಲೆಂದೇ ಮಾಡಿದ ವಾಹನ ಟ್ರೇಲರ್. ಟ್ರೇಲರ್‌ಗೆ ನೋಂದಣಿ ಬೇಕು. ಊರಿನ ವೆಲ್ಡಿಂಗ್ ಶಾಪಲ್ಲಿ ಆಂಗಲ್ ಕತ್ತರಿಸಿ ಮಾಡಿದ ಡಾಲಿಗೆ ಆರ್‌ಟಿಒ ನಂಬರ್ ಸಿಗೋ ದಾರಿ ನಮಗಂತೂ ಕಾಣಲ್ಲ. ಕೆಲಸ ಚೆನ್ನಾಗಿರಬಹುದು, ಅಪಘಾತ ಆದ ದಿನ ವಿಮೆಯವರು ಕೇಳೋದು ಕಾಗದ. ಆದರೆ ಡಾಲಿಯವರ ಒಂದು ಅಭ್ಯಾಸ ನಾವೂ ಕಲೀಬೇಕಾದದ್ದು: ಹೊರಟು ನಾಲ್ಕೈದು ಕಿ.ಮೀ. ಆದ ಮೇಲೆ ನಿಲ್ಲಿಸಿ ಬೆಲ್ಟ್ ಮತ್ತೆ ಬಿಗಿ ಮಾಡ್ತಾರೆ. ಮೊದಲ ಕುಲುಕಾಟಕ್ಕೆ ಬೆಲ್ಟ್ ಸಡಿಲ ಆಗೇ ಆಗುತ್ತೆ. ಕ್ರೇನ್‌ನವರಿಗೂ ಹಾಗೇ ಹೇಳಿ, ನಿಲ್ಲಿಸಿಸಿ ನೋಡಿ.

ಎತ್ತೋ ಮುಂಚೆ ರೇಟ್ ಮಾತಾಡಿ. ಎಷ್ಟು ಕಿ.ಮೀ.ವರೆಗೆ ಎಷ್ಟು, ಆಮೇಲೆ ಕಿ.ಮೀ.ಗೆ ಎಷ್ಟು, ಬರೋ ದಾರಿ ಲೆಕ್ಕ ಇದೆಯಾ, ಟೋಲ್ ಯಾರದು. ವಾಟ್ಸ್ಆ್ಯಪ್‌ನಲ್ಲಿ ಒಂದು ಮೆಸೇಜ್ ಹಾಕಿಸ್ಕೊಂಡ್ರೆ ಜಗಳ ಇರಲ್ಲ. ಕಾರಿನ ನಾಲ್ಕೂ ಕಡೆ ಫೋಟೊ ತೆಗೆದಿಟ್ಕೊಳ್ಳಿ. ಬಿಲ್ ಮರೀಬೇಡಿ.

ವಿಮೆ: ಅಂಗಡಿಯವರು ಇದನ್ನ ಗಮನಿಸಿ

ಖಾಸಗಿ ಕಾರಿನ ಮಾಮೂಲಿ ಪ್ಯಾಕೇಜ್ ಪಾಲಿಸಿಯಲ್ಲಿ ಅಪಘಾತ ಆದಾಗ ಕಾರನ್ನ ಹತ್ತಿರದ ರಿಪೇರಿಯವರ ಹತ್ತಿರ ಸಾಗಿಸೋ ಖರ್ಚು 1,500 ರೂಪಾಯಿವರೆಗೆ ಸಿಗುತ್ತೆ. ಅದು ಅಪಘಾತಕ್ಕೆ, ಸುಮ್ನೆ ಕೆಟ್ಟು ನಿಂತದ್ದಕ್ಕಲ್ಲ. ಕೆಟ್ಟು ನಿಂತಾಗ ಬರೋದು ರೋಡ್ ಸೈಡ್ ಅಸಿಸ್ಟೆನ್ಸ್ ಅನ್ನೋ ಹೆಚ್ಚುವರಿ ಕವರ್. ಅದಿದೆಯಾ, ನಂಬರ್ ಯಾವುದು ಅಂತ ಪಾಲಿಸಿ ಕಾಗದದಲ್ಲಿ ಈಗಲೇ ನೋಡಿ. ದುಡ್ಡು ಕಟ್ಟಿದ್ದೂ ಗೊತ್ತಿಲ್ಲದೆ ಕ್ರೇನ್‌ಗೆ ಕೈಯಿಂದ ಕೊಡೋರು ಬಹಳ ಜನ.

ಅಂಗಡಿ ಸಾಮಾನು ತರೋ ಟಾಟಾ ಏಸ್, ಪಿಕಪ್ ಇಟ್ಕೊಂಡಿರೋರು ಉಪಕಾರ ಅಂತ ಯಾರದೋ ಕಾರು ಎಳೀತೀರಿ. ಸಂತೋಷ. ವಾಣಿಜ್ಯ ವಾಹನದ ಪ್ಯಾಕೇಜ್ ಪಾಲಿಸಿಯಲ್ಲಿ ಕೆಟ್ಟು ನಿಂತ ಒಂದು ವಾಹನವನ್ನ ಎಳೆಯೋವಾಗ ಮೂರನೆಯವರಿಗೆ ಆಗೋ ಹಾನಿಗೆ ರಕ್ಷಣೆ ಇದೆ. ಆದರೆ ಎರಡು ಷರತ್ತು. ಒಂದು, ದುಡ್ಡಿಗಾಗಿ ಎಳೆದಿರಬಾರದು. ಐನೂರು ರೂಪಾಯಿ ಗೂಗಲ್ ಪೇ ಮಾಡಿಸ್ಕೊಂಡ್ರೆ ಅದೇ ದಾಖಲೆ. ಎರಡು, ಎಳೆಸಿಕೊಂಡ ಕಾರಿಗೇ ಆದ ಡ್ಯಾಮೇಜ್ ಅದರಲ್ಲಿ ಬರಲ್ಲ. ಇದು ಗೊತ್ತಿದ್ದೇ ಹಗ್ಗ ಕಟ್ಟಿ.

ಅಪಘಾತ ಆದ ಗಾಡಿಯನ್ನ ಪೊಲೀಸರು ನೋಡೋ ಮುಂಚೆ ಎಳೀಬೇಡಿ. ಫೋಟೊ, ವಿಡಿಯೊ ಮೊದಲು. ಮಳೆ ನೀರಲ್ಲಿ ಮುಳುಗಿ ನಿಂತ ಕಾರನ್ನ ಎಳೆದು ಸ್ಟಾರ್ಟ್ ಮಾಡೋದಂತೂ ಬೇಡವೇ ಬೇಡ. ಎಂಜಿನ್ ಒಳಗೆ ನೀರು ಹೋಗಿದ್ರೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ, ಆಮೇಲಾದ ಹೆಚ್ಚುವರಿ ಹಾನಿ ನಿಮ್ಮ ತಲೆ ಮೇಲೆ ಅಂತ ಪಾಲಿಸಿಯವರು ಹೇಳ್ತಾರೆ.

ಅಂಗಡಿ ಮುಂದೆ ಯಾರೋ ಬಿಟ್ಟು ಹೋದ ಕಾರು

ಅಂಗಡಿ ಬಾಗಿಲಿಗೆ ಅಡ್ಡವಾಗಿ ಯಾರೋ ಕೆಟ್ಟ ಕಾರು ಬಿಟ್ಟು ಹೋಗಿದ್ದಾರೆ, ನಾವೇ ಹಗ್ಗ ಹಾಕಿ ಪಕ್ಕಕ್ಕೆ ಎಳೀಬಹುದಾ? ಬೇಡ. ಗೀರು ಬಿದ್ರೂ ನಿಮ್ಮ ಮೇಲೇ ಬರುತ್ತೆ. ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಪ್ರಕಾರ ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಹೆಚ್ಚು ಹೊತ್ತು ಬಿಟ್ಟು ಹೋದ, ಇಲ್ಲಾ ನಿಲುಗಡೆ ನಿಷೇಧ ಇರೋ ಕಡೆ ನಿಂತ ವಾಹನ ಎಳೆಸೋಕೆ ಅಪ್ಪಣೆ ಕೊಡೋದು ಆ ವ್ಯಾಪ್ತಿಯ ಸಮವಸ್ತ್ರದಲ್ಲಿರೋ ಪೊಲೀಸ್ ಅಧಿಕಾರಿ. ಸಂಚಾರಕ್ಕೆ ಅಪಾಯ ಆಗೋ ಹಾಗಿದ್ರೆ ಹತ್ತು ಗಂಟೆ ಕಾಯಬೇಕಿಲ್ಲ. ಎಳೆದ ಖರ್ಚು ವಾಹನದ ಮಾಲೀಕರದ್ದು. ಫೋಟೊ ತೆಗೆದು ಸ್ಟೇಷನ್‌ಗೆ ತಿಳಿಸಿ.

ಕಾರಿನವರ ಕಡೆಯೂ ಒಂದು ಮಾತಿದೆ. ಸಂಚಾರಕ್ಕೆ ಅಡ್ಡಿ ಮಾಡಿದ್ದಕ್ಕೆ 201ನೇ ಕಲಂನಲ್ಲಿ 500 ರೂಪಾಯಿವರೆಗೆ ದಂಡ ಇದೆ. ಆದರೆ ಅನಿರೀಕ್ಷಿತವಾಗಿ ಕೆಟ್ಟು ನಿಂತು, ತೆರವು ಮಾಡೋ ಕೆಲಸ ನಡೀತಿದ್ರೆ ಅದು ಅನ್ವಯ ಆಗಲ್ಲ. ಕ್ರೇನ್‌ಗೆ ಫೋನ್ ಮಾಡಿದ ಸಮಯ ಮೊಬೈಲ್‌ನಲ್ಲಿ ಇರುತ್ತಲ್ಲ, ಅದನ್ನ ತೋರಿಸಿ. ಗಾಜಿನ ಮೇಲೆ ಒಂದು ಚೀಟಿ ಅಂಟಿಸಿ, ಕೆಟ್ಟಿದೆ, ಇಷ್ಟು ಗಂಟೆಗೆ ತೆಗೀತೀವಿ ಅಂತ ಬರೆದು ಫೋನ್ ನಂಬರ್ ಹಾಕಿಟ್ರೆ ಅಂಗಡಿಯವರೂ ಸುಮ್ನಿರ್ತಾರೆ.

ಡಿಕ್ಕಿಯಲ್ಲಿ ನೈಲಾನ್ ಬೆಲ್ಟ್, ಕೆಂಪು ಬಟ್ಟೆ, ತ್ರಿಕೋನ, ಟಾರ್ಚ್, ‘ಆನ್ ಟೋ’ ಬರೆದ ರಟ್ಟು ಇಟ್ಕೊಂಡಿರಿ. ಗ್ಯಾರೇಜ್ ತಲುಪಿದ ಮೇಲೆ ಬಂಪರ್‌ನಿಂದ ಆ ಕೊಕ್ಕೆ ಬಿಚ್ಚಿ ವಾಪಸ್ ಜಾಕ್ ಪಕ್ಕದಲ್ಲೇ ಇಡಿ. ಅದು ಹೆಚ್ಚಾಗಿ ಕಳೆದುಹೋಗೋದು ಗ್ಯಾರೇಜಿನ ಬೆಂಚ್ ಮೇಲೇ.